‘ಚಿತ್ತಾಪುರ’ದ ಒತ್ತಕ್ಷರ ಏಕೆ ಕತ್ತರಿಸಿಹೋಗುತ್ತದೆ?

ಪ್ರಶ್ನೆ: ಕಲಬುರಗಿಯ ಬೇಳೆ ಮಿಲ್ ಒಂದಕ್ಕೆ ಲೇಬಲ್ ಮುದ್ರಿಸುವ ಸಣ್ಣ ತಂತ್ರಾಂಶವನ್ನು ಜಾವಾದಲ್ಲಿ ಬರೆಯುತ್ತಿದ್ದೇನೆ. ಲೇಬಲ್ ಮೇಲೆ ಬೇಳೆಯ ಹೆಸರು, ರೈತರ ಊರು, ತೂಕ ಇರಬೇಕು. ‘ಕಲಬುರಗಿ’, ‘ಆಳಂದ’ ಚೆನ್ನಾಗಿಯೇ ಬರುತ್ತವೆ. ‘ಚಿತ್ತಾಪುರ’, ‘ಯಡ್ರಾಮಿ’ ಬಂದಾಗ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ಅಗಲ ತಿಳಿಯಲು ಒಂದೊಂದೇ ಅಕ್ಷರವನ್ನು ಅಳೆದು ಕೂಡಿಸಿದರೆ ಮೊತ್ತ ನಿಜವಾದ ಅಗಲಕ್ಕಿಂತ ಬಹಳ ಹೆಚ್ಚಾಗುತ್ತದೆ. ನನ್ನ ಕಂಪ್ಯೂಟರ್‌ನಲ್ಲಿ ಚೌಕದೊಳಗೆ ಕೂರುವ ಹೆಸರು ಮಿಲ್‌ನ ಕಂಪ್ಯೂಟರ್‌ನಲ್ಲಿ ಹೊರಚಾಚುತ್ತದೆ. ಉರ್ದುವನ್ನೂ ಸೇರಿಸಬೇಕೆಂದು ಮಾಲೀಕರು ಕೇಳಿದ್ದಾರೆ. ಊರುಗಳ ಹಳೆಯ ಪಟ್ಟಿ ನುಡಿ ಫಾಂಟ್‌ನಲ್ಲಿದೆ. ಪಠ್ಯದ ಅಳತೆಯನ್ನು ಸರಿಯಾಗಿ ತೆಗೆಯುವುದು ಹೇಗೆ?

ಉತ್ತರ: ಇದನ್ನು ಸಣ್ಣ ದೋಷವೆಂದು ಪಕ್ಕಕ್ಕೆ ಸರಿಸದೆ ಕೇಳಿದ್ದು ಒಳ್ಳೆಯದಾಯಿತು. ಇಂಗ್ಲಿಷ್ ಅಕ್ಷರದ ಬಾಲ ಸ್ವಲ್ಪ ಕತ್ತರಿಸಿಹೋದರೂ ಓದುಗ ಊಹಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಒತ್ತು ಹೋದರೆ ಕಾಗುಣಿತವೇ ಬದಲಾಗುತ್ತದೆ. ‘ಚಿತ್ತಾಪುರ’ ಹೋಗಿ ‘ಚಿತಾಪುರ’ ಆಗುತ್ತದೆ, ‘ಯಡ್ರಾಮಿ’ ಹೋಗಿ ‘ಯಡಾಮಿ’ ಆಗುತ್ತದೆ. ರೈತನ ಊರಿನ ಹೆಸರು ಚೀಲದ ಮೇಲೆ ತಪ್ಪಾಗಿ ಅಚ್ಚಾಗುವುದನ್ನು ಯಾರೂ ಒಪ್ಪಬಾರದು.

ಮೊದಲು ಅಗಲದ ವಿಷಯ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ತಿಳಿಯಾಗುತ್ತದೆ. ‘ಚಿತ್ತಾಪುರ’ ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ: ಚಿ, ತ್ತಾ, ಪು, ರ. ಕಂಪ್ಯೂಟರ್‌ನ ನೆನಪಿನಲ್ಲಿರುವುದು ಒಂಬತ್ತು ಯೂನಿಕೋಡ್ ಸಂಕೇತ: ಚ, ಗುಡಿಸು, ತ, ಹಲಂತ ಚಿಹ್ನೆ, ಮತ್ತೊಂದು ತ, ದೀರ್ಘ, ಪ, ಕೊಂಬು, ರ. ಈ ಒಂಬತ್ತನ್ನು ಪರದೆಯ ಮೇಲಿನ ಆಕಾರಗಳಾಗಿ, ಅಂದರೆ ಗ್ಲಿಫ್‌ಗಳಾಗಿ ಮಾರ್ಪಡಿಸುವ ಹಂತಕ್ಕೆ ಶೇಪಿಂಗ್ ಎನ್ನುತ್ತಾರೆ. ಬಹುತೇಕ ಫಾಂಟ್‌ಗಳಲ್ಲಿ ಚ ಮತ್ತು ಗುಡಿಸು ಸೇರಿ ಒಂದೇ ಗ್ಲಿಫ್ ಆಗುತ್ತವೆ. ಹಲಂತ ಚಿಹ್ನೆ ಮತ್ತು ಎರಡನೆಯ ತ ಸೇರಿ ಕೆಳಗಿನ ಒತ್ತಾಗುತ್ತವೆ. ಹಲಂತಕ್ಕೆ ತನ್ನದೇ ಅಗಲ ಉಳಿಯುವುದೇ ಇಲ್ಲ.

ನೀವು ಒಂದೊಂದೇ ಸಂಕೇತವನ್ನು ಪ್ರತ್ಯೇಕವಾಗಿ ಅಳೆದಾಗ ಈ ಜೋಡಣೆ ಯಾವುದೂ ನಡೆಯುವುದಿಲ್ಲ. ಹಲಂತ ಚಿಹ್ನೆಯನ್ನೋ ಗುಡಿಸನ್ನೋ ಒಂಟಿಯಾಗಿ ಕೊಟ್ಟರೆ ಶೇಪಿಂಗ್ ಎಂಜಿನ್ ಅದಕ್ಕೆ ಆಸರೆಯಾಗಿ ಚುಕ್ಕಿಗಳ ವೃತ್ತವೊಂದನ್ನು ಸೇರಿಸಿ ತೋರಿಸುತ್ತದೆ. ನಿಮ್ಮ ಮೊತ್ತದಲ್ಲಿ ಆ ವೃತ್ತಗಳ ಅಗಲವೂ ಸೇರಿಕೊಂಡಿದೆ. ಒಮ್ಮೆ ಒಂಟಿ ಗುಡಿಸನ್ನು ದೊಡ್ಡ ಗಾತ್ರದಲ್ಲಿ ಪರದೆಯ ಮೇಲೆ ಬರೆದು ನೋಡಿ, ಹೆಚ್ಚುವರಿ ಅಗಲ ಎಲ್ಲಿಂದ ಬಂತೆಂದು ಕಣ್ಣಿಗೇ ಕಾಣುತ್ತದೆ.

ಸಂಕೇತಗಳ ಎಣಿಕೆಯಿಂದ ಅಗಲವನ್ನು ಅಂದಾಜು ಮಾಡುವುದೂ ಸಲ್ಲ. ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು ಗುಲಬರ್ಗಾ ಹೆಸರಿನಲ್ಲಿ. ಊರಿನ ಹೆಸರು 2014ರಲ್ಲೇ ಅಧಿಕೃತವಾಗಿ ಕಲಬುರಗಿ ಆಗಿತ್ತು. ಹಾಗಾಗಿ ನಿಮ್ಮ ಲೇಬಲ್ ಮೇಲೆ ಎರಡೂ ಹೆಸರು ಬರುವ ಸಾಧ್ಯತೆ ಇದೆ. ‘ಕಲಬುರಗಿ’ಯಲ್ಲಿ ಏಳು ಸಂಕೇತ, ಐದು ಅಕ್ಷರ. ‘ಗುಲಬರ್ಗಾ’ದಲ್ಲಿ ಎಂಟು ಸಂಕೇತ, ನಾಲ್ಕೇ ಅಕ್ಷರ. ಜೊತೆಗೆ ಅದರಲ್ಲಿ ಅರ್ಕಾವತ್ತು ಇದೆ: ನೆನಪಿನಲ್ಲಿ ರ ಮೊದಲು, ಗ ಆಮೇಲೆ, ಕಾಗದದ ಮೇಲೆ ಗಾ ಮೊದಲು, ರ್ ಅದರ ಬಲಕ್ಕೆ. ಸಾಲನ್ನು ರ ಮತ್ತು ಗ ನಡುವೆ ತುಂಡರಿಸಿ ಎರಡು ಭಾಗಗಳನ್ನು ಅಳೆದರೆ ಆ ಎರಡು ಸಂಖ್ಯೆಗಳಿಗೆ ಅರ್ಥವೇ ಇರುವುದಿಲ್ಲ.

ಆದ್ದರಿಂದ ಅಳೆಯುವುದಾದರೆ ಇಡೀ ಸಾಲನ್ನು ಒಟ್ಟಿಗೆ ಅಳೆಯಬೇಕು. ಫಾಂಟ್‌ನ ಅಳತೆಗಳನ್ನು ಹೇಳುವ ಜಾವಾದ ಫಾಂಟ್‌ಮೆಟ್ರಿಕ್ಸ್‌ನಲ್ಲಿ ‘ಸ್ಟ್ರಿಂಗ್‌ವಿಡ್ತ್’ ಇದೆಯಲ್ಲ, ಅದರ ವಿವರಣೆಯಲ್ಲೇ ಇಡೀ ಸಾಲಿನ ಅಗಲ ಬಿಡಿ ಅಕ್ಷರಗಳ ಅಗಲಗಳ ಮೊತ್ತಕ್ಕೆ ಸಮವಾಗಿರಬೇಕಿಲ್ಲ ಎಂಬ ಎಚ್ಚರಿಕೆ ಇದೆ. ಇಂಗ್ಲಿಷ್ ಮಾತ್ರ ಬಳಸುವವರು ಅದನ್ನು ಓದದೆ ದಾಟಿದರೂ ನಡೆದೀತು, ನಾವು ದಾಟುವಂತಿಲ್ಲ. ಇಲ್ಲಿ ಇನ್ನೊಂದು ಬಲೆಯೂ ಇದೆ. ಫಾಂಟ್‌ನಿಂದ ಗ್ಲಿಫ್‌ಗಳ ಸಾಲನ್ನು ಪಡೆಯಲು ಜಾವಾದಲ್ಲಿ ಎರಡು ದಾರಿಗಳಿವೆ: ‘ಕ್ರಿಯೇಟ್‌ಗ್ಲಿಫ್‌ವೆಕ್ಟರ್’ ಮತ್ತು ‘ಲೇಔಟ್‌ಗ್ಲಿಫ್‌ವೆಕ್ಟರ್’. ಮೊದಲನೆಯದು ಶೇಪಿಂಗ್ ಮಾಡುವುದೇ ಇಲ್ಲ, ಸಂಕೇತಕ್ಕೊಂದು ಗ್ಲಿಫ್ ಇಟ್ಟು ಕೊಡುತ್ತದೆ. ಕನ್ನಡ, ಉರ್ದು ಎರಡಕ್ಕೂ ಅದು ನಿರುಪಯೋಗಿ. ಅಂತರ್ಜಾಲದಲ್ಲಿ ಸಿಗುವ ಉದಾಹರಣೆಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತದೆ, ಎಚ್ಚರವಿರಲಿ. ಜಾವಾದ ಆವೃತ್ತಿ 9ರಿಂದ ಈಚೆಗೆ ಶೇಪಿಂಗ್ ಕೆಲಸವನ್ನು ಹಾರ್ಫ್‌ಬಜ್ ಎಂಜಿನ್ ಮಾಡುತ್ತದೆ. ಮಿಲ್‌ನ ಕಂಪ್ಯೂಟರ್‌ನಲ್ಲಿ ಇನ್ನೂ ಜಾವಾ 8 ಇದ್ದರೆ ಅಲ್ಲಿನ ಎಂಜಿನ್ ಬೇರೆ, ಫಲಿತಾಂಶವೂ ಬೇರೆಯಾಗಬಹುದು.

ಈಗ ಎತ್ತರ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗುತ್ತವೆ, ನಿಮ್ಮ ಒತ್ತಕ್ಷರ ಕತ್ತರಿಸಿಹೋಗುವುದೂ ಇದರಿಂದಲೇ. ಸಾಲು ಎಷ್ಟು ಜಾಗವನ್ನು ತನ್ನದೆಂದು ಕೇಳುತ್ತದೆ ಎನ್ನುವುದು ಒಂದು. ಶಾಯಿ ನಿಜವಾಗಿ ಎಲ್ಲೆಲ್ಲಿ ಬೀಳುತ್ತದೆ ಎನ್ನುವುದು ಇನ್ನೊಂದು. ಅಸೆಂಟ್, ಡಿಸೆಂಟ್, ಲೀಡಿಂಗ್ ಎಂಬ ಮೂರು ಅಳತೆಗಳು ಮೊದಲನೆಯದಕ್ಕೆ ಉತ್ತರ. ಅವು ಇಡೀ ಫಾಂಟ್‌ಗೆ ಸೇರಿದ ಅಳತೆಗಳು. ನೀವು ‘ಆಳಂದ’ ಬರೆಯಿರಿ, ‘ಯಡ್ರಾಮಿ’ ಬರೆಯಿರಿ, ಬದಲಾಗುವುದಿಲ್ಲ. ಅಸೆಂಟ್ ಎಂದರೆ ಆಧಾರರೇಖೆಯಿಂದ (ಅಕ್ಷರದ ಮೈ ಕೂರುವ ಗೆರೆಯಿಂದ) ಮೇಲಕ್ಕೆ, ಡಿಸೆಂಟ್ ಎಂದರೆ ಅದರಿಂದ ಕೆಳಕ್ಕೆ, ಲೀಡಿಂಗ್ ಎಂದರೆ ಎರಡು ಸಾಲುಗಳ ನಡುವಿನ ಬಿಡುವು. ‘ಗೆಟ್‌ಹೈಟ್’ ಕೊಡುವುದು ಈ ಮೂರರ ಮೊತ್ತವನ್ನು. ಕೆಲವು ಅಕ್ಷರಗಳು ಈ ಗಡಿಯನ್ನು ಮೀರಬಹುದೆಂದು ಜಾವಾ ತನ್ನ ವಿವರಣೆಯಲ್ಲೇ ಹೇಳಿದೆ. ಕನ್ನಡದಲ್ಲಿ ಹಾಗೆ ಮೀರುವುದು ಒತ್ತುಗಳು.

ಪಠ್ಯವನ್ನು ಬರೆಯುವ ‘ಡ್ರಾಸ್ಟ್ರಿಂಗ್’ಗೆ ಕೊಡುವ ಎರಡನೆಯ ಸಂಖ್ಯೆ ಆಧಾರರೇಖೆಯ ಸ್ಥಾನ, ಚೌಕದ ಮೇಲಂಚಲ್ಲ. ನಿಮ್ಮ ಚೌಕದ ಎತ್ತರ 64 ಚುಕ್ಕಿ (ಪಿಕ್ಸೆಲ್), ಅಸೆಂಟ್ 36, ಡಿಸೆಂಟ್ 14 ಎಂದಿಟ್ಟುಕೊಳ್ಳಿ. ಎರಡೂ ಸೇರಿ 50. ಉಳಿದ 14ರಲ್ಲಿ ಅರ್ಧ, ಅಂದರೆ 7, ಮೇಲೆ ಬಿಡಬೇಕು. ಅದಕ್ಕೆ ಅಸೆಂಟ್ ಸೇರಿಸಿದರೆ ಆಧಾರರೇಖೆ ಮೇಲಂಚಿನಿಂದ 43ನೆಯ ಚುಕ್ಕಿಯಲ್ಲಿ ಬರುತ್ತದೆ.

ಶಾಯಿಯ ಅಳತೆಗೆ ‘ಟೆಕ್ಸ್ಟ್‌ಲೇಔಟ್’ ಬಳಸಿ, ಅದರ ‘ಗೆಟ್‌ಬೌಂಡ್ಸ್’ ಕೇಳಿ. ಅದು ಹಿಂದಿರುಗಿಸುವ ಆಯತದ ಮೂಲ ಆಧಾರರೇಖೆಯ ಮೇಲಿರುತ್ತದೆ, ಆದ್ದರಿಂದ ಮೇಲಂಚಿನ ಸಂಖ್ಯೆ ಋಣವಾಗಿ ಬರುತ್ತದೆ. ಮೇಲಂಚು –31, ಎತ್ತರ 47 ಎಂದು ಬಂದರೆ ಶಾಯಿ ಗೆರೆಯ ಕೆಳಗೆ 16 ಚುಕ್ಕಿ ಇಳಿದಿದೆ ಎಂದರ್ಥ. ಫಾಂಟ್‌ನ ಡಿಸೆಂಟ್ 14 ಮಾತ್ರ. ಚೌಕವನ್ನು ಅಸೆಂಟ್, ಡಿಸೆಂಟ್ ನಂಬಿ ಕಟ್ಟಿದ್ದರೆ ಆ ಎರಡು ಚುಕ್ಕಿಗಳು ಹೋದವು. ‘ಆಳಂದ’ದಲ್ಲಿ ಗೆರೆಯ ಕೆಳಗೆ ಇಳಿಯುವಂಥದ್ದು ಏನೂ ಇಲ್ಲವಾದ್ದರಿಂದ ತೊಂದರೆ ನಿಮಗೆ ಅಲ್ಲಿ ಕಾಣಲೇ ಇಲ್ಲ. ಒಂದು ಚಿಕ್ಕ ಮುನ್ನೆಚ್ಚರಿಕೆ: ಖಾಲಿ ಸಾಲನ್ನು ಕೊಟ್ಟರೆ ‘ಟೆಕ್ಸ್ಟ್‌ಲೇಔಟ್’ ದೋಷ ಎಸೆದು ನಿಲ್ಲುತ್ತದೆ. ಊರಿನ ಹೆಸರು ತುಂಬದ ದಾಖಲೆ ಒಂದಾದರೂ ಇದ್ದೇ ಇರುತ್ತದೆ, ಮೊದಲೇ ಪರೀಕ್ಷಿಸಿ.

ಒತ್ತು ಹೋಗಲು ಇನ್ನೊಂದು ಕಾರಣವೂ ಇರಬಹುದು, ಅದು ಅಳತೆಗೆ ಸಂಬಂಧಿಸಿದ್ದೇ ಅಲ್ಲ. ಅನೇಕರು ಪ್ರತಿ ಸಾಲಿಗೂ ಹಿನ್ನೆಲೆಯ ಬಿಳಿ ಆಯತವನ್ನು ತುಂಬಿ, ಅದರ ಮೇಲೆ ಪಠ್ಯ ಬರೆದು, ಮುಂದಿನ ಸಾಲಿಗೆ ಹೋಗುತ್ತಾರೆ. ಎರಡನೆಯ ಸಾಲಿನ ಬಿಳಿ ಆಯತ ಮೊದಲ ಸಾಲಿನ ಒತ್ತುಗಳ ಮೇಲೆ ಬಿದ್ದು ಅವನ್ನು ಅಳಿಸುತ್ತದೆ. ಗುರುತಿಸುವುದು ಸುಲಭ: ಕೊನೆಯ ಸಾಲಿನ ಒತ್ತುಗಳು ಮಾತ್ರ ಪೂರ್ತಿ ಉಳಿದಿದ್ದರೆ ಇದೇ ಕಾರಣ. ಎಲ್ಲ ಹಿನ್ನೆಲೆಗಳನ್ನೂ ಮೊದಲು ತುಂಬಿ, ಆಮೇಲೆ ಎಲ್ಲ ಪಠ್ಯವನ್ನೂ ಬರೆಯಿರಿ.

ಯಾವ ಕಾರಣವೆಂದು ಊಹಿಸುತ್ತ ಕೂರುವ ಬದಲು ಗೆರೆಗಳನ್ನು ಎಳೆದು ನೋಡಿ. ಆಧಾರರೇಖೆಯನ್ನು ಕೆಂಪಿನಲ್ಲಿ, ಅಸೆಂಟ್ ಮತ್ತು ಡಿಸೆಂಟ್ ಗೆರೆಗಳನ್ನು ನೀಲಿಯಲ್ಲಿ, ಶಾಯಿಯ ಆಯತವನ್ನು ಹಸಿರಿನಲ್ಲಿ ಬರೆಯಿರಿ. ಪರೀಕ್ಷೆಗೆ ಹೆಸರುಗಳನ್ನು ಹೊರಗಿನಿಂದ ತರಬೇಕಿಲ್ಲ, ನಮ್ಮ ಸುತ್ತಮುತ್ತಲೇ ಬೇಕಾದಷ್ಟು ಇವೆ. ‘ಜೇವರ್ಗಿ’ಯಲ್ಲಿ ಅರ್ಕಾವತ್ತು, ಜೊತೆಗೆ ತಲೆಯ ಮೇಲೊಂದು ಭಾಗ, ಬಲಕ್ಕೊಂದು ಭಾಗವಾಗಿ ಒಡೆದು ಕೂರುವ ಏತ್ವದ ದೀರ್ಘ. ಯಾದಗಿರಿ ಜಿಲ್ಲೆಯ ‘ಸೈದಾಪುರ’ದಲ್ಲಿ ಒತ್ತಿಲ್ಲ, ಆದರೂ ಐತ್ವದ ಬಾಲ ಗೆರೆಯ ಕೆಳಗಿಳಿಯುತ್ತದೆ, ಒತ್ತಕ್ಷರವಿದ್ದರೆ ಮಾತ್ರ ಕೆಳಗೆ ಜಾಗ ಬೇಕು ಎಂದು ಷರತ್ತು ಬರೆದವರ ತಂತ್ರಾಂಶ ಇಲ್ಲಿ ಸೋಲುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಮಳಖೇಡದವರ ‘ರಾಷ್ಟ್ರಕೂಟ’. ಷ್ಟ್ರ ಎಂಬಲ್ಲಿ ಎರಡು ಒತ್ತುಗಳಿವೆ. ಕೆಲವು ಫಾಂಟ್‌ಗಳು ಎರಡನೆಯದನ್ನು ಮೊದಲನೆಯದರ ಕೆಳಗೆ ಇಳಿಸುತ್ತವೆ, ಕೆಲವು ಬಲಕ್ಕೆ ಸರಿಸುತ್ತವೆ. ಮೊದಲಿನ ರೀತಿಯಲ್ಲಿ ಎತ್ತರ ಬೆಳೆಯುತ್ತದೆ, ಎರಡನೆಯದರಲ್ಲಿ ಅಗಲ. ಫಾಂಟ್ ಆರಿಸುವಾಗ ನಾನಾದರೆ ಈ ಒಂದು ಪದವನ್ನು ಬರೆದು ನೋಡದೆ ನಿರ್ಧಾರ ಮಾಡುವುದಿಲ್ಲ.

ಹಾಗಾದರೆ ಲೇಬಲ್‌ಗೆ ಯಾವ ಎತ್ತರ ನಂಬಬೇಕು? ಪ್ರತಿ ಹೆಸರನ್ನೂ ಅದರ ಶಾಯಿಯ ಆಯತದ ಪ್ರಕಾರ ಮಧ್ಯಕ್ಕೆ ತಂದರೆ ‘ಕಲಬುರಗಿ’ ಒಂದು ಮಟ್ಟದಲ್ಲಿ, ‘ಚಿತ್ತಾಪುರ’ ಅದಕ್ಕಿಂತ ಮೇಲೆ ಕೂರುತ್ತದೆ. ಲೇಬಲ್‌ಗಳನ್ನು ಸಾಲಾಗಿ ಜೋಡಿಸಿದಾಗ ಹೆಸರುಗಳು ಏರಿಳಿದಂತೆ ಕಾಣುತ್ತವೆ. ಬರೀ ಫಾಂಟ್‌ನ ಅಸೆಂಟ್, ಡಿಸೆಂಟ್ ಹಿಡಿದರೆ ಒತ್ತು ಹೋಗುವ ಅಪಾಯ. ನಿಮ್ಮಂಥ ಕೆಲಸಕ್ಕೆ ನಾನು ಹೇಳುವ ದಾರಿ ಇದು: ಊರುಗಳ ಪಟ್ಟಿ ನಿಮ್ಮ ಕೈಯಲ್ಲೇ ಇದೆ. ತಂತ್ರಾಂಶ ಶುರುವಾದಾಗ ಒಮ್ಮೆ ಎಲ್ಲ ಹೆಸರುಗಳ ಶಾಯಿಯನ್ನೂ ಅಳೆದು, ಗೆರೆಯ ಮೇಲಿನ ಅತಿ ಹೆಚ್ಚಿನ ಎತ್ತರ ಮತ್ತು ಕೆಳಗಿನ ಅತಿ ಹೆಚ್ಚಿನ ಆಳವನ್ನು ಇಟ್ಟುಕೊಳ್ಳಿ. ಫಾಂಟ್ ಹೇಳುವ ಅಸೆಂಟ್, ಡಿಸೆಂಟ್‌ಗಳೊಂದಿಗೆ ಹೋಲಿಸಿ ದೊಡ್ಡದನ್ನು ಆರಿಸಿ. ಇಡೀ ಪಟ್ಟಿಗೆ ಅದೇ ಜೋಡಿ. ಆಧಾರರೇಖೆ ಎಲ್ಲ ಲೇಬಲ್‌ಗಳಲ್ಲೂ ಒಂದೇ ಕಡೆ ನಿಲ್ಲುತ್ತದೆ, ಯಾವ ಒತ್ತೂ ಹೋಗುವುದಿಲ್ಲ. ‘ತೊಗರಿ ಬೇಳೆ’ ಎಂಬ ದೊಡ್ಡ ಶೀರ್ಷಿಕೆ ಒಂದೇ ಇರುವುದರಿಂದ ಅದನ್ನು ಮಾತ್ರ ಶಾಯಿಯ ಪ್ರಕಾರ ಮಧ್ಯಕ್ಕೆ ತನ್ನಿ. ಕೆಳಗೆ ಇಳಿಯುವ ಅಕ್ಷರಗಳಿಲ್ಲದ ಪದವನ್ನು ಡಿಸೆಂಟ್ ಲೆಕ್ಕ ಹಿಡಿದು ಕೂರಿಸಿದರೆ ಅದು ಮೇಲಕ್ಕೆ ಎದ್ದಂತೆ ಕಾಣುತ್ತದೆ.

ಅಗಲದಲ್ಲೂ ಇದೇ ಎರಡು ಪ್ರಶ್ನೆಗಳಿವೆ. ‘ಸ್ಟ್ರಿಂಗ್‌ವಿಡ್ತ್’ ಕೊಡುವುದು ಅಡ್ವಾನ್ಸ್, ಅಂದರೆ ಸಾಲು ಮುಗಿದ ಮೇಲೆ ಮುಂದಿನ ಅಕ್ಷರ ಶುರುವಾಗಬೇಕಾದ ಜಾಗ. ಕೊನೆಯ ಅಕ್ಷರದ ಒತ್ತು ಅದನ್ನು ದಾಟಿ ಬಲಕ್ಕೆ ಚಾಚಬಹುದು. ತೂಕದ ಅಂಕಿಗಳನ್ನು ಬಲಕ್ಕೆ ಒತ್ತರಿಸಲು ಅಡ್ವಾನ್ಸ್ ಸಾಕು. ಚೌಕದೊಳಗೆ ಕೂರುತ್ತದೆಯೇ ಎಂದು ನೋಡಲು ಅಡ್ವಾನ್ಸ್ ಮತ್ತು ಶಾಯಿಯ ಬಲ ಅಂಚು ಎರಡರಲ್ಲಿ ದೊಡ್ಡದನ್ನು ಹಿಡಿಯಿರಿ.

ಹೆಸರು ಉದ್ದವಾದರೆ ಗಾತ್ರ ಇಳಿಸಬೇಕಲ್ಲ, ಅದಕ್ಕೆ ಒಂದೊಂದೇ ಹೆಜ್ಜೆ ಇಳಿಸುತ್ತ ಹೋಗುವ ಅಗತ್ಯವಿಲ್ಲ. ಥರ್ಮಲ್ ಲೇಬಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾದ 203 ಡಿಪಿಐಯಲ್ಲಿ (ಅಂಗುಲಕ್ಕೆ 203 ಚುಕ್ಕಿ) ಒಂದು ಮಿಲಿಮೀಟರಿಗೆ 8 ಚುಕ್ಕಿ. 50 ಮಿಲಿಮೀಟರ್ ಅಗಲದ ಲೇಬಲ್ ಎಂದರೆ 400 ಚುಕ್ಕಿ, ಎರಡೂ ಬದಿಗೆ ಎಂಟೆಂಟು ಬಿಟ್ಟರೆ 384. ಹೆಸರನ್ನು 100ರ ಗಾತ್ರದಲ್ಲಿ ಅಳೆದಾಗ 620 ಬಂದರೆ, 100 × 384 ÷ 620, ಅಂದರೆ 61.9. ಅದನ್ನು 61ಕ್ಕೆ ಇಳಿಸಿ, ಆ ಗಾತ್ರದಲ್ಲಿ ಇನ್ನೊಮ್ಮೆ ಅಳೆಯಿರಿ. ಈ ಎರಡನೆಯ ಅಳತೆಯನ್ನು ಬಿಡಬೇಡಿ. ಗ್ಲಿಫ್‌ಗಳನ್ನು ಚುಕ್ಕಿಗಳ ಜಾಲಕ್ಕೆ ಹೊಂದಿಸುವಾಗ ಅಗಲ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಗಾತ್ರಕ್ಕೆ ತಕ್ಕಂತೆ ಸರಿಯಾಗಿ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಗಾತ್ರ ಬದಲಿಸುವ ‘ಡಿರೈವ್‌ಫಾಂಟ್’ಗೆ ಪೂರ್ಣಾಂಕ ಕೊಟ್ಟರೆ ಜಾವಾ ಅದನ್ನು ಗಾತ್ರವೆಂದಲ್ಲ, ಶೈಲಿಯೆಂದು ತಿಳಿಯುತ್ತದೆ; 61 ಎಂಬುದನ್ನು ದಶಮಾಂಶ ಸಂಖ್ಯೆಯಾಗಿಯೇ ಕೊಡಬೇಕು.

ಎಷ್ಟು ಇಳಿಸಿದರೂ ಹಿಡಿಯದಿದ್ದರೆ ಎರಡು ಸಾಲು ಮಾಡಿ. ‘ಲೈನ್‌ಬ್ರೇಕ್‌ಮೆಷರರ್’ ಅದಕ್ಕಾಗಿಯೇ ಇದೆ. ಹೆಸರನ್ನು ಮೊಟಕುಗೊಳಿಸಿ ಮೂರು ಚುಕ್ಕಿ ಇಡುವುದು ಊರಿನ ಹೆಸರಿಗೆ ತಕ್ಕದ್ದಲ್ಲ ಎಂದು ನನ್ನ ಅಭಿಪ್ರಾಯ. ಅನಿವಾರ್ಯವಾದರೆ ಹಲಂತ ಚಿಹ್ನೆಯ ನಂತರ ವ್ಯಂಜನ ಇರುವ ಜಾಗದಲ್ಲಿ ತುಂಡರಿಸಬೇಡಿ, ‘ಚಿತ್’ ಎಂದು ನಿಂತುಬಿಡುತ್ತದೆ.

ಮಿಲ್‌ನ ಕಂಪ್ಯೂಟರ್‌ನಲ್ಲಿ ಹೆಸರು ಹೊರಚಾಚುವುದಕ್ಕೆ ಬಹುಮಟ್ಟಿಗೆ ಕಾರಣ ಫಾಂಟ್. ನೀವು ಹೆಸರಿಸಿದ ಫಾಂಟ್ ಅಲ್ಲಿ ಇಲ್ಲದಿದ್ದರೆ ಜಾವಾ ಸದ್ದಿಲ್ಲದೆ ಬೇರೊಂದನ್ನು ಹಿಡಿಯುತ್ತದೆ. ಹಳೆಯ ವಿಂಡೋಸ್‌ನಲ್ಲಿ ಕನ್ನಡಕ್ಕೆ ತುಂಗಾ ಇದ್ದರೆ ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಬಂದಿದೆ. ಎರಡರ ಅಗಲ, ಎತ್ತರ ಎರಡೂ ಬೇರೆ. ನೋಟೋ ಸ್ಯಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್‌ನ ಕಡತವನ್ನು ತಂತ್ರಾಂಶದ ಜೊತೆಗೇ ಕಳುಹಿಸಿ, ಆ ಕಡತದಿಂದಲೇ ತೆರೆಯಿರಿ. ಹಾಗೆ ತೆರೆದ ಫಾಂಟ್‌ನ ಗಾತ್ರ 1 ಆಗಿರುತ್ತದೆ, ಬೇಕಾದಷ್ಟಕ್ಕೆ ಏರಿಸಿಕೊಳ್ಳಬೇಕು. ‘ಕ್ಯಾನ್‌ಡಿಸ್‌ಪ್ಲೇ‌ಅಪ್‌ಟು’ ಎಂದು ಕೇಳಿದಾಗ –1 ಬಂದರೆ ಸಾಲಿನ ಎಲ್ಲ ಸಂಕೇತಗಳೂ ಆ ಫಾಂಟ್‌ನಲ್ಲಿವೆ ಎಂದರ್ಥ.

ಅದೇ ಕಡತ ಇದ್ದರೂ ಎತ್ತರದಲ್ಲಿ ವ್ಯತ್ಯಾಸ ಬರಬಹುದು. ಫಾಂಟ್ ಕಡತದೊಳಗೆ ಅಸೆಂಟ್, ಡಿಸೆಂಟ್ ಒಂದೇ ಜೋಡಿಯಾಗಿ ಇರುವುದಿಲ್ಲ, ಮೂರು ಜೋಡಿಗಳಿರುತ್ತವೆ. ಮ್ಯಾಕ್ ಒಂದನ್ನು ಓದಿದರೆ ವಿಂಡೋಸ್ ಇನ್ನೊಂದನ್ನು ಓದುತ್ತದೆ. ಮೂರನೆಯದು ವಿನ್ಯಾಸಕಾರರು ಬಯಸಿದ ಸಾಲಿನ ಅಂತರ. ಅವು ಒಂದಕ್ಕೊಂದು ಹೊಂದಿಕೆಯಾಗಿರುವ ಫಾಂಟ್ ಒಳ್ಳೆಯದು, ಹಾಗಿಲ್ಲದವೂ ಬಹಳ ಇವೆ. ಊರುಗಳ ಪಟ್ಟಿಯ ಶಾಯಿಯನ್ನೇ ಅಳೆಯಿರಿ ಎಂದು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಗೊಂದಲ ಪಾಯಿಂಟ್ ಮತ್ತು ಪಿಕ್ಸೆಲ್‌ನದು. ಒಂದು ಅಂಗುಲಕ್ಕೆ 72 ಪಾಯಿಂಟ್. ಜಾವಾದ ಚಿತ್ರಪಟದಲ್ಲಿ 12ರ ಫಾಂಟ್ ಎಂದರೆ 12 ಪಿಕ್ಸೆಲ್. 96 ಡಿಪಿಐ ಲೆಕ್ಕ ಹಿಡಿಯುವ ತಂತ್ರಾಂಶಗಳಲ್ಲಿ ಅದೇ 12 ಪಾಯಿಂಟ್ 16 ಪಿಕ್ಸೆಲ್ ಆಗುತ್ತದೆ. 203 ಡಿಪಿಐ ಲೇಬಲ್‌ನ ಚಿತ್ರವನ್ನು ನೀವೇ ರಚಿಸುವುದಾದರೆ 12 × 203 ÷ 72, ಅಂದರೆ ಸುಮಾರು 33.8 ಚುಕ್ಕಿಯ ಫಾಂಟ್ ಬೇಕು. ಅಳತೆಯನ್ನು ಪರದೆಯ ಮೇಲೆ ತೆಗೆದು ಮುದ್ರಣವನ್ನು ಪ್ರಿಂಟರ್‌ಗೆ ಕಳುಹಿಸಿದರೆ ಎರಡೂ ಹೊಂದುವುದಿಲ್ಲ. ಯಾವ ಗ್ರಾಫಿಕ್ಸ್‌ನ ಮೇಲೆ ಬರೆಯುತ್ತೀರೋ ಅದರಿಂದಲೇ ‘ಫಾಂಟ್‌ರೆಂಡರ್‌ಕಾಂಟೆಕ್ಸ್ಟ್’ ಪಡೆದು ಅಳೆಯಿರಿ. ಅಂಚು ನಯಗೊಳಿಸುವ ಆಯ್ಕೆ, ಭಿನ್ನರಾಶಿ ಅಳತೆಯ ಆಯ್ಕೆ ಎರಡೂ ಅದರಲ್ಲಿ ಸೇರಿರುತ್ತವೆ.

ಮುಂದೆ ಜಾವಾ ಬಿಟ್ಟು ಬೇರೆಡೆ ಹೋದರೂ ಇದೇ ಎರಡು ಪ್ರಶ್ನೆಗಳನ್ನು ಕೇಳಿ. ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ‘ಮೆಷರ್‌ಟೆಕ್ಸ್ಟ್’ ಅಗಲದ ಜೊತೆಗೆ ಫಾಂಟ್‌ನ ಎತ್ತರ, ಶಾಯಿಯ ಎತ್ತರಗಳನ್ನು ಬೇರೆ ಬೇರೆಯಾಗಿ ಕೊಡುತ್ತದೆ. ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ರಚನೆಯ ಲೈಬ್ರರಿಯಲ್ಲಿ ಹಳೆಯ ‘ಟೆಕ್ಸ್ಟ್‌ಸೈಜ್’ 10ನೆಯ ಆವೃತ್ತಿಯಲ್ಲಿ ಹೋಗಿದೆ, ಅದರ ಜಾಗದಲ್ಲಿ ‘ಟೆಕ್ಸ್ಟ್‌ಲೆಂಗ್ತ್’ ಮತ್ತು ‘ಟೆಕ್ಸ್ಟ್‌ಬಿಬಾಕ್ಸ್’ ಇವೆ. ಕನ್ನಡಕ್ಕೆ ಅದರಲ್ಲಿ ಶೇಪಿಂಗ್ ನೋಡಿಕೊಳ್ಳುವ ರಾಕ್ಮ್ ಸೌಲಭ್ಯ ಇರಲೇಬೇಕು, ಇಲ್ಲದಿದ್ದರೆ ಒತ್ತುಗಳು ಒಡೆದು ಬರುತ್ತವೆ.

ಉರ್ದುವಿಗೆ ಪ್ರತ್ಯೇಕ ಸಾಲನ್ನೇ ಕೊಡಿ. ಕಲಬುರಗಿಯಲ್ಲಾಗಲಿ ಬೀದರ್‌ನಲ್ಲಾಗಲಿ ಉರ್ದು ಓದುಗರಿಗೆ ಒಗ್ಗಿರುವುದು ನಸ್ತಾಲೀಖ್ ಶೈಲಿ. ಅದರಲ್ಲಿ ಕೂಡಿಕೊಂಡ ಅಕ್ಷರಗಳು ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತ ಬಂದು ಕೊನೆಯದು ಗೆರೆಯ ಬಳಿ ನಿಲ್ಲುತ್ತದೆ. ಕೂಡಿಕೊಂಡ ಗುಂಪು ಉದ್ದವಾದಷ್ಟೂ ಮೊದಲ ಅಕ್ಷರ ಎತ್ತರಕ್ಕೆ ಏರುತ್ತದೆ. ಅಂದರೆ ಎತ್ತರವೇ ಪದವನ್ನು ಅವಲಂಬಿಸಿದೆ. ಕನ್ನಡದ ಸಾಲಿನ ಎತ್ತರವನ್ನು ಅದಕ್ಕೆ ಹೊರಿಸಿದರೆ ಮೇಲಿನ ಚುಕ್ಕಿಗಳು ಹೋಗುತ್ತವೆ, ಚುಕ್ಕಿ ಹೋದರೆ ಅಲ್ಲಿಯೂ ಅಕ್ಷರವೇ ಬದಲಾಗುತ್ತದೆ. ಅಕ್ಷರಗಳು ಕೂಡುವಾಗ ಆಕಾರ ಬದಲಿಸುವುದರಿಂದ ಬಿಡಿಬಿಡಿಯಾಗಿ ಅಳೆಯುವುದು ಇಲ್ಲಿ ಕನ್ನಡಕ್ಕಿಂತಲೂ ದೂರದ ಉತ್ತರ ಕೊಡುತ್ತದೆ. ಒಂದೇ ಸಾಲಿನಲ್ಲಿ ಉರ್ದು ಮತ್ತು ಅಂಕಿಗಳು ಬಂದರೆ ಇಡೀ ಸಾಲನ್ನು ‘ಟೆಕ್ಸ್ಟ್‌ಲೇಔಟ್’ಗೆ ಒಪ್ಪಿಸಿ, ಎಡಬಲದ ಕ್ರಮವನ್ನು ಅದೇ ನೋಡಿಕೊಳ್ಳುತ್ತದೆ.

ಕೊನೆಯದಾಗಿ ನುಡಿ ಪಟ್ಟಿ. ಹಳೆಯ ನುಡಿ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಪ್ರತಿ ತುಣುಕಿಗೂ ತನ್ನದೇ ಅಗಲವಿದ್ದುದರಿಂದ ಅಲ್ಲಿ ಒಂದೊಂದನ್ನೇ ಅಳೆದು ಕೂಡಿಸಿದರೂ ಲೆಕ್ಕ ಹೊಂದುತ್ತಿತ್ತು. ಆ ಪದ್ಧತಿ ಯೂನಿಕೋಡ್‌ಗೆ ಬರುವುದಿಲ್ಲ. ಅಳೆಯುವ ಮೊದಲೇ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಪರಿಶೀಲಿಸಿ. ನುಡಿಯಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲೇ, ಅಂದರೆ ವ್ಯಂಜನದ ನಂತರ ಇರುತ್ತದೆ. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಜೇವರ್ಗಿ’ಯ ಬದಲು ‘ಜೇವಗರ್ಿ’ ಉಳಿಯುತ್ತದೆ. ಇಂಥವನ್ನು ಹುಡುಕುವುದು ಸುಲಭ: ಹಲಂತ ಚಿಹ್ನೆಯ ಬೆನ್ನಿಗೇ ಸ್ವರಚಿಹ್ನೆ ಬಂದಿದ್ದರೆ ಆ ಹೆಸರು ಕೆಟ್ಟಿದೆ. ‘ಮಾರ್ಗ’ ಎಂಬುದು ‘ಮಾಗರ್’ ಆಗಿದ್ದರೆ ಮಾತ್ರ ಈ ಹುಡುಕಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ‘ರ್’ ಇರುವ ಹೆಸರುಗಳನ್ನೆಲ್ಲ ಬೇರೆ ತೆಗೆದು, ಆ ಭಾಗದ ಊರುಗಳನ್ನು ಬಲ್ಲವರೊಬ್ಬರಿಂದ ಒಮ್ಮೆ ಓದಿಸಿ.